ಭೂಕಂಪದ ತಾಲೀಮು

ಭೂಕಂಪದ ತಾಲೀಮಿಗೆ ಅಪ್ಪ, ಅವ್ವ ಇಬ್ಬರೂ ಬರಲೇಬೇಕು ಅಂತ ಶಾಲೆಯವರು ಹಟ ಹಿಡಿದಿದ್ದರು. ನನ್ನನ್ನು ಬಿಟ್ಟು ತವರು ಸೇರಿದವಳೂ ಬಂದಿದ್ದಳು. ಗಂಟೆ ಹೊಡೆದದ್ದೇ ತಡ, ಮಗಳು ನಮ್ಮಿಬ್ಬರ ಕೈ ಹಿಡಿದು ಬಯಲಿಗೆ ಎಳೆದುಕೊಂಡು ಓಡಿದಳು.

"ಮುಗೀತಲ್ಲ, ಕೈ ಬಿಡು," ಅಂತ ಗದರಿದೆ.

"ಇನ್ನೊಂದು ಗಂಟೆ ಹೊಡಿಯೋ ತನಕ ಬಿಡಬಾರದಂತ, ಅಪ್ಪಾ. ಮನಿ ಮಂದಿ ಎಲ್ಲಾ ಒಂದೇ ಕಡೆ ಇರಬೇಕಂತ."

"ಯಾವ ಮನಿ ಮಂದಿ?" ಅಂದೆ.

"ಕೂಸಿನ ಮುಂದೂ ಶುರು ಮಾಡಿದ್ರೇನು?" ಅಂದಳು ಅವಳು.

ಎರಡನೇ ಗಂಟೆ ಹೊಡೆಯಿತು. ಅವಳು ಕೈ ಬಿಡಿಸಿಕೊಂಡು, ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮಗಳು ನಿಂತಲ್ಲೇ ನಿಂತಿದ್ದಳು.

"ಹೆದರಿದಿ ಏನು?" ಅಂದೆ.

"ಇಲ್ಲ. ಖರೇ ಭೂಕಂಪ ಯಾವಾಗ ಬರ್ತದಪ್ಪಾ?"