ಗೋಡೆಗೊಂದು ಫೋಟೋ

ಮನೆ ಪಾಲಾದ ಮೇಲೆ ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಂಥವರನ್ನು ಮತ್ತೆ ಒಂದೇ ಜಗಲಿಗೆ ತಂದು ಕೂರಿಸಿದ ಪುಣ್ಯ ಕ್ಯಾಮೆರಾದ್ದು. “ಶಿವನ ಪಾದ ಸೇರೋದರೊಳಗೆ ಗೋಡೆಗೊಂದು ಚೆಂದದ ಫೋಟೋ ತೆಗೀರಪ್ಪಾ” ಎಂದು ತಾಯಿ ಪುಟ್ಟತಾಯಮ್ಮ ಕೇಳಿದ್ದೇ ತಡ, ಇಬ್ಬರೂ ಸೇರಿ ಕ್ಯಾಮೆರಾ ಕೊಳ್ಳುವುದೆಂದು ಒಪ್ಪಿದರು. ಯಾವ ಕ್ಯಾಮೆರಾ ಎನ್ನುವುದಕ್ಕೆ ಮಾತ್ರ ಪ್ರತಿ ಭಾನುವಾರ ಕೂಗಾಟ.

“ದೊಡ್ಡ ಮಿರರ್‌ಲೆಸ್ ಕ್ಯಾಮೆರಾನೇ ತರೋಣ. ಬೇಕಾದ ಲೆನ್ಸ್ ಹಾಕಬಹುದು. ಅವ್ವನ ಒಂದೊಂದು ಕೂದಲೂ ಎಣಿಸೋ ಹಾಗೆ ಬರುತ್ತೆ,” ಎಂದ ಅಣ್ಣ.

“ಎಣಿಸಿ ಅದನ್ನೂ ಪಾಲು ಮಾಡ್ತೀಯಾ? ಜೇಬಲ್ಲಿ ಹಿಡಿಯೋ ಪುಟ್ಟ ಕ್ಯಾಮೆರಾ ಸಾಕು.”

“ಜೇಬಿಗೆ ಹಾಕ್ಕೊಳ್ಳೋದು ನಿನಗೆ ರೂಢಿ ಬಿಡಪ್ಪ.”

ಪುಟ್ಟತಾಯಮ್ಮ ವಾರವಾರವೂ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಕಾಯುತ್ತಿದ್ದಳು. ಕ್ಯಾಮೆರಾ ಇತ್ಯರ್ಥವಾಗಲಿ ಅಂತ ಪಾಪ, ಶಿವನೂ ಕಾಯುತ್ತಿದ್ದ.

ಕಡೆಗೊಂದು ಭಾನುವಾರ ತಮ್ಮ ಸೋತ. “ಆಯ್ತಣ್ಣ, ನಿನ್ನ ಮಿರರ್‌ಲೆಸ್ಸೇ ಆಗಲಿ. ನಾಳೆನೇ ತಂದು ತೆಗೆದುಬಿಡೋಣ.”

ಅಲ್ಲಿಗೆ ಮಾತು ಮುಗಿಯಿತು. ಇನ್ನು ಆಡುವುದಕ್ಕೇನೂ ಉಳಿಯದೆ ಇಬ್ಬರೂ ಎದ್ದು ಚಪ್ಪಲಿ ಮೆಟ್ಟಿದರು. ಅವನು ಆ ಬಾಗಿಲ ಕಡೆ, ಇವನು ಈ ಬಾಗಿಲ ಕಡೆ.

ಪುಟ್ಟತಾಯಮ್ಮ ಇಬ್ಬರ ಬೆನ್ನನ್ನೂ ನೋಡಿದಳು. ಮತ್ತೆ ಕಾಫಿಗಿಡು ಎಂದು ದೊಡ್ಡ ಸೊಸೆಗೆ ಕಣ್ಣಲ್ಲೇ ಸನ್ನೆ ಮಾಡಿ, ಏನೂ ಅರಿಯದವಳ ಹಾಗೆ ಕೇಳಿದಳು:

“ಅಲ್ರೋ ಮಕ್ಕಳಾ, ಫೋಟೋ ತೆಗೆದಾದ ಮೇಲೆ ಆ ಕ್ಯಾಮೆರಾ ಯಾರ ಪಾಲಿಗೆ?”