ಗುಡಿಸು ತಪ್ಪಿದ ಗಿಟಾರ್

ಫೋಟೊ ಮಾತ್ರ ಚೆನ್ನಾಗಿ ಬಂದಿತ್ತು. ಅದರ ಕೆಳಗೆ ದಪ್ಪಕ್ಷರದಲ್ಲಿ ‘ರಾಯಚೂರಿನ ಹೆಮ್ಮೆಯ ಗಟಾರ ವಾದಕ ಮೌಲಾಹುಸೇನ’ ಎಂದಿತ್ತು. ಮೌಲಾಹುಸೇನ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ಬೆರಳಿನಿಂದ ಒರೆಸಿಯೂ ನೋಡಿದ. ಗಕಾರದ ಗುಡಿಸು ಎಲ್ಲಿಯೂ ಇರಲಿಲ್ಲ. ಊರಿನ ಆ ವಾರಪತ್ರಿಕೆ ಅವನ ಸಂದರ್ಶನಕ್ಕೆ ಅರ್ಧ ಪುಟ ಕೊಟ್ಟಿತ್ತು. ಆ ಅರ್ಧ ಪುಟದಲ್ಲಿ ಹತ್ತೊಂಬತ್ತು ಗಟಾರಗಳು ಹರಿದಿದ್ದವು.

‘ನನಗೆ ಗಟಾರದ ಹುಚ್ಚು ಹಿಡಿಸಿದವರು ರೈಲ್ವೆಯ ಒಬ್ಬ ಗಾರ್ಡ್ ಸಾಹೇಬರು. ಸ್ಟೇಷನ್ ಹಿಂದಿನ ಕ್ವಾರ್ಟರ್ಸಿನಲ್ಲಿ ಅವರು ಸಂಜೆ ಗಟಾರ ಹಿಡಿದು ಕೂತರೆ ನಾನು ಊಟ ಮರೆಯುತ್ತಿದ್ದೆ. ಉಳಿದದ್ದನ್ನು ಸಿಲೋನ್ ರೇಡಿಯೊ ಕಲಿಸಿತು. ನನ್ನ ಗಟಾರವನ್ನು ಸಿಕಂದರಾಬಾದಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅದಕ್ಕೆ ಆರು ತಂತಿ. ಬಾರಿಸಲು ಮುರಿದ ಬಾಚಣಿಗೆಯ ತುಂಡೇ ನನಗೆ ಇಷ್ಟ, ಅಂಗಡಿಯದು ಕೈಗೆ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಗಟಾರ ಉಬ್ಬುತ್ತದೆ, ಆಗ ಹಾಸಿಗೆಯಲ್ಲಿ ಪಕ್ಕಕ್ಕೇ ಮಲಗಿಸಿಕೊಳ್ಳುತ್ತೇನೆ.’

ಇದನ್ನೆಲ್ಲ ಅವನು ಕೀರ್ತಿಯ ಆಸೆಗೆ ಹೇಳಿದ್ದಲ್ಲ. ಮಾನ್ವಿಯ ಅತ್ತರಿನ ವ್ಯಾಪಾರಿ ಸಲಾವುದ್ದೀನ್ ಸಾಹೇಬರು, ಮಂದಿಯ ಶಾದಿಯಲ್ಲಿ ತಂತಿ ಮೀಟುವವನಿಗೆ ಮಗಳನ್ನು ಕೊಡುವುದಿಲ್ಲವೆಂದು ಎರಡು ಸಲ ಹೇಳಿ ಕಳಿಸಿದ್ದರು. ಮಗಳು ಲತೀಫಾ ಅಂಥದೇ ಒಂದು ಶಾದಿಯಲ್ಲಿ ಪರದೆ ಸರಿಸಿ ನಿಂತು ಇವನ ಗಿಟಾರ್ ಕೇಳಿದ್ದಳು. ಅವತ್ತಿನಿಂದ ಇವನಿಗೆ ಬೇರೆ ಹೆಣ್ಣು ಬೇಡವಾಗಿತ್ತು. ಪೇಪರಿನಲ್ಲಿ ಹೆಸರು ಬಂದರಾದರೂ ಮುದುಕ ಮೆತ್ತಗಾದಾನು ಎಂದು, ಮಾನ್ವಿಗೆ ಒಂದು ಪ್ರತಿ ಅಂಚೆಯಲ್ಲಿ ಹಾಕುವಂತೆ ಸಂಪಾದಕರಿಗೆ ಮೊದಲೇ ಹೇಳಿಟ್ಟಿದ್ದ. ಅವರು ಬೇರೆ ಯಾವ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡಿದವರಲ್ಲ, ಇದೊಂದನ್ನು ಮಾಡಿಬಿಟ್ಟಿದ್ದರು. ಲತೀಫಾ ಕೈತಪ್ಪಿದಳು ಎಂದು ಮೌಲಾಹುಸೇನನಿಗೆ ಅಳುವೇ ಬಂತು.

ಸೀದಾ ಪ್ರೆಸ್ಸಿಗೆ ಹೋಗಿ ಅಚ್ಚಿನ ಮೊಳೆ ಜೋಡಿಸುವ ತಾಯಣ್ಣನ ಮುಂದೆ ಪತ್ರಿಕೆ ಹಿಡಿದ. ತಾಯಣ್ಣ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದ, ತೃಪ್ತನಾದ.

“ಸಂಪಾದಕರು ಗಿಟಾರ ಅಂತ ತಪ್ಪು ಬರದಿದ್ರು, ನಾನೇ ತಿದ್ದೀನಿ. ಮೂವತ್ತು ವರ್ಷಾತು ಮೊಳಿ ಜೋಡಸಾಕತ್ತಿ, ಆ ಶಬ್ದ ಒಮ್ಮಿನೂ ಬಂದಿಲ್ಲ. ಗಟಾರ ವಾರವಾರ ಬರತದ.”

“ಗಟಾರ ಯಾರರ ಬಾರಸ್ತಾರೇನು ತಾಯಣ್ಣ?”

“ಅದೆಲ್ಲ ನಾವು ಕೇಳಂಗಿಲ್ಲಪಾ. ಬರದದ್ದು ಜೋಡಸ್ತೀವಿ.”

ಬಹಳ ಬೇಡಿಕೊಂಡ ಮೇಲೆ, ‘ಗಟಾರ ಎಂದಿರುವಲ್ಲೆಲ್ಲ ಗಿಟಾರ ಎಂದು ಓದಿಕೊಳ್ಳಬೇಕು’ ಎಂಬ ಒಂದು ಸಾಲನ್ನು ಮುಂದಿನ ವಾರಕ್ಕೆಂದು ಅವನ ಕಣ್ಣೆದುರೇ ಜೋಡಿಸಿಟ್ಟ. ಹಾಗೆ ಜೋಡಿಸುವಾಗಲೂ, ಓದಿದ ಜನ ಗೊಂದಲಕ್ಕೆ ಬೀಳುತ್ತಾರೆಂದು ಗೊಣಗುತ್ತಲೇ ಇದ್ದ.

ಮೂರನೆಯ ದಿನ ಬೆಳಿಗ್ಗೆ ಮಾನ್ವಿ ಬಸ್ಸಿನಿಂದ ಇಳಿದು ಸಲಾವುದ್ದೀನ್ ಸಾಹೇಬರೇ ಮನೆಗೆ ಬಂದರು. ಬೈಯುತ್ತಾರೆಂದು ಮೌಲಾಹುಸೇನ ತಲೆ ತಗ್ಗಿಸಿ ನಿಂತ. ಅವರು ಅವನನ್ನು ತಬ್ಬಿಕೊಂಡರು. ಇವನು ಬಾಜಾ ಬಜಂತ್ರಿ ಬಿಟ್ಟು ಮುನಿಸಿಪಾಲಿಟಿಯ ಗಟಾರದ ಕೆಲಸ ಹಿಡಿದದ್ದಕ್ಕೆ ಅವರಿಗೆ ಬಹಳ ಸಂತೋಷವಾಗಿತ್ತು. ಅದೂ ಕಾಯಂ ನೌಕರಿ, ಮುಂದೆ ಪಿಂಚಣಿ. ಪೇಪರಿನಲ್ಲೇ ಹಾಗೆಂದು ಬಂದಿದೆಯಲ್ಲ ಎಂದು ಮಡಿಸಿದ ಪತ್ರಿಕೆ ಬಿಚ್ಚಿ ತೋರಿಸಿದರು. ಅವರ ಬೆರಳು ಕೂದಲೆಣ್ಣೆಯ ಜಾಹೀರಾತಿನ ಮೇಲಿತ್ತು.

ನಿಜ ಹೇಳಬೇಕೆಂದು ಮೌಲಾಹುಸೇನ ಬಾಯಿ ತೆರೆದ. ಅವನು ನಾಚುತ್ತಿದ್ದಾನೆಂದು ಅವರು ತಿಳಿದುಕೊಂಡರು.

“ವಾಸನಿ ಚಿಂತಿ ಬಿಡು ಬೇಟಾ,” ಎಂದರು. “ನಮ್ಮ ಅಂಗಡಿ ಅದ.”

ಅವರು ಹೋದದ್ದೇ ತಡ, ಮೌಲಾಹುಸೇನ ಚಪ್ಪಲಿ ಮೆಟ್ಟುವುದನ್ನೂ ಮರೆತು ಪ್ರೆಸ್ಸಿಗೆ ಓಡಿದ. ತಿದ್ದುಪಡಿ ಹಾಕಬೇಡ, ಗಟಾರವೇ ಇರಲಿ ಎಂದ. ತಾಯಣ್ಣನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮೊದಲೇ ಹೇಳಿದ್ದೆನಲ್ಲ ಎಂಬ ಮುಖ ಮಾಡಿ ಮೊಳೆಗಳನ್ನು ಒಂದೊಂದಾಗಿ ಆಯ್ದು ಅವುಗಳ ಗೂಡಿಗೆ ಹಾಕಿದ. ಖಾಲಿಯಾದ ಜಾಗಕ್ಕೆ ಗಟಾರ ರಿಪೇರಿಯ ಟೆಂಡರ್ ಸರಿಯಾಗಿ ಹಿಡಿಯಿತು.

ನಿಕಾಹ್ ಮಾನ್ವಿಯಲ್ಲಿ ಆಯಿತು. ಮದುಮಗನ ಸಂಗಡಿಗರು ಹಾಡು ಬಾರಿಸಿದರು, ಗಿಟಾರ್ ಇಲ್ಲದೆ. ತನ್ನ ಶಾದಿಯಲ್ಲಿ ತಾನೇ ಬಾರಿಸಲಾಗದೆ ಮೌಲಾಹುಸೇನನ ಬೆರಳುಗಳು ಶೇರವಾನಿಯ ಗುಂಡಿಗಳ ಮೇಲೆ ಆಡುತ್ತಿದ್ದವು. ಹೆಣ್ಣಿನ ಕಡೆಯ ಹಿರಿಯರು ಒಬ್ಬರಾದ ಮೇಲೊಬ್ಬರು ಬಂದು ಮುಬಾರಕ್ ಹೇಳಿ, ತಮ್ಮ ತಮ್ಮ ಓಣಿಯ ಗಟಾರದ ಕಷ್ಟವನ್ನೂ ಹೇಳಿ ಹೋದರು. ಅವನು ಎಲ್ಲರಿಗೂ ನೋಡೋಣ ಎಂದ. ಈ ಒಂದು ಮಾತಿನಿಂದ ಅವನು ಮುನಿಸಿಪಾಲಿಟಿಯವನೇ ಎಂದು ಅವರಿಗೆ ಖಾತ್ರಿಯಾಯಿತು.

ರಾಯಚೂರಿಗೆ ಬಂದ ಮರುದಿನ ಬೆಳಿಗ್ಗೆ ಲತೀಫಾ ಚಹಾ ತಂದಿಟ್ಟಳು. ಇನ್ನು ಮುಚ್ಚಿಡುವುದು ಅವನಿಂದ ಆಗಲಿಲ್ಲ. ಮಂಚದ ಕೆಳಗಿನಿಂದ ಗಿಟಾರ್ ಎಳೆದು ಅವಳ ಮುಂದಿಟ್ಟು, ತನಗೆ ಯಾವ ನೌಕರಿಯೂ ಇಲ್ಲ, ಇದೊಂದೇ ಇದೆ, ಪತ್ರಿಕೆಯವರ ತಪ್ಪಿನಿಂದ ನಿಮ್ಮ ಅಬ್ಬಾ ಮೋಸ ಹೋದರು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಅವಳು ಅತ್ತು ತವರಿನ ಬಸ್ಸು ಹಿಡಿಯುತ್ತಾಳೆಂದೇ ಅವನು ಎಣಿಸಿದ್ದ.

ಲತೀಫಾ ತನ್ನ ಟ್ರಂಕಿನಿಂದ ಅದೇ ಪತ್ರಿಕೆ ತೆಗೆದಳು.

“ಅಬ್ಬಾ ನಿಜಾಮನ ಕಾಲದ ಉರ್ದು ಸಾಲಿ ಕಲ್ತವ್ರು. ಅವ್ರಿಗೆ ಕನ್ನಡ ಎಲ್ಲಿ ಬರತದ್ರಿ? ಇದನ್ನ ಓದಿ ಹೇಳಿದಾಕಿ ನಾನು,” ಎಂದಳು. “ಆರು ತಂತಿ ಓದಲಿಲ್ಲ. ಸಿಕಂದರಾಬಾದ್ ಓದಲಿಲ್ಲ. ಹಾಸಗಿ ಅಂತೂ ಓದಲೇ ಇಲ್ಲ.”

“ಮತ್ತ ಮುನಿಸಿಪಾಲ್ಟಿ, ಕಾಯಂ ಅಂತ ಎಲ್ಲದ ಇದರಾಗ?”

“ಎಲ್ಲೂ ಇಲ್ರಿ,” ಎಂದು ಅವಳು ಗಿಟಾರಿನ ಧೂಳನ್ನು ಸೆರಗಿನಿಂದ ಒರೆಸಿದಳು. “ಅದು ನಾ ಓದಿದ್ದು.”