ಸಾವಿನ ಮನೆಯ ಟ್ಯಾಂಕರು

ಆ ಊರಲ್ಲಿ ಪಂಚಾಯ್ತಿ ಟ್ಯಾಂಕರು ಸಾವಾದ ಮನೆಗೆ ಮಾತ್ರ ಬರುತ್ತಿತ್ತು. ಯುಗಾದಿಯಿಂದಲೇ ನಲ್ಲಿಗಳು ಒಣಗಿದ್ದವು. ಕೆರೆಯ ರಾಡಿ ಕುಡಿದು ಕೂಸಿಗೆ ಭೇದಿ ಹಿಡಿದಾಗ ಪುಟ್ಟಗೌರಿ ಮೆಂಬರನ ಬಾಗಿಲಿಗೇ ಹೋಗಿ ಖಾಲಿ ಬಿಂದಿಗೆ ಕುಕ್ಕಿದಳು.

"ಸತ್ತೋರಿಗೆ ಟ್ಯಾಂಕರು, ಬದುಕಿರೋರಿಗೆ ರಾಡಿನಾ?"

"ಹೆಣಾನ ತೊಳೀದೆ ಎತ್ತೋಕಾಗುತ್ತೇನಮ್ಮಾ? ಅದಕ್ಕೆ ಕೊಡ್ತೀವಿ. ಬದುಕಿರೋರಿಗೆಲ್ಲ ಕೊಡ್ತಾ ಕೂತ್ರೆ ಊರು ನಡೆಸೋಕಾಗುತ್ತಾ?"

ಉರಿದುಕೊಂಡು ಮನೆಗೆ ಬಂದವಳಿಗೆ, ಮೂಲೆಯಲ್ಲಿ ಮಲಗಿದ್ದ ಮುದಿ ಅತ್ತೆಯೇ ದಾರಿ ತೋರಿಸಿದಳು.

"ನಾನು ಕಣ್ಣು ಮುಚ್ಕೊಂಡಿರ್ತೀನಿ, ನೀನು ಬಾಯಿ ಬಡ್ಕೊ. ಇಷ್ಟು ವರ್ಷ ನನ್ನ ಬೈದು ಪಳಗಿದ ಗಂಟಲು, ಚೆನ್ನಾಗೇ ಬರುತ್ತೆ ಬಿಡು."

ಪುಟ್ಟಗೌರಿ ಬಾಯಿ ಬಡಿದುಕೊಂಡಳು. ಟ್ಯಾಂಕರು ಬಂತು. ಗುಟ್ಟು ಗೊತ್ತಿದ್ದ ಕೇರಿಯ ಹೆಂಗಸರು ಗೊಳೋ ಎನ್ನುತ್ತಲೇ ಬಿಂದಿಗೆ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಗೂ ನೀರು ಹಿಡಿದುಕೊಂಡರು. ಕೂಸು ತಿಳಿನೀರನ್ನು ಗಟಗಟನೆ ಕುಡಿದು ಮತ್ತೆ ಬಾಯಿ ತೆರೆಯಿತು.

ಮೆಂಬರು ಹಾರ ಹಿಡಿದು ಅಂಗಳದಲ್ಲಿ ನಿಂತಿದ್ದ. ಪುಟ್ಟಗೌರಿ ಒಳಗೆ ಹೋಗಿ ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು.

"ಅತ್ತೆ, ಎಲ್ಲರ ಬಿಂದಿಗೇನೂ ತುಂಬಿದ್ದಾಯ್ತು. ಉಸಿರು ಬಂತು ಅಂತ ಕೂಗ್ತೀನಿ, ಏಳಿ."

ಮುದುಕಿ ಕಣ್ಣು ತೆರೆಯಲಿಲ್ಲ, ತುಟಿಯಷ್ಟೇ ಅಲುಗಿತು.

"ನಾನೆದ್ದರೆ, ನಾಳೆ ಯಾರು ಸತ್ರೂ ಅವನು ನಂಬಿ ಟ್ಯಾಂಕರು ಕಳಿಸಲ್ಲ ಕಣೇ. ಗುಂಡಿ ತೋಡೋಕೆ ಹೇಳು."